ಇಬ್ಬರು ಮುನಿಯಮ್ಮಂದಿರು ಸಿಲೋನಿನಿಂದ ಬಂದದ್ದು

ಕಾಗದದ ಪ್ರಕಾರ ಆಗ ನನಗೆ ನಲವತ್ತೆರಡು ವರ್ಷ. ಸಿಲೋನಿಗೆ ಹೋಗಿಬಂದು ಮೂವತ್ತೈದು ವರ್ಷವಾಯಿತು. ನಲವತ್ತೆರಡು ಎಂದು ನಾನು ಹೇಳಿದ್ದಲ್ಲ. ದೇವನಹಳ್ಳಿ ತಾಲ್ಲೂಕು ಕಚೇರಿಯ ಗುಮಾಸ್ತ ನನ್ನ ಮುಖ ನೋಡಿ, ಕೂದಲು ನೋಡಿ ಬರೆದುಕೊಂಡ. ಹುಟ್ಟಿಸಿದವರಿಗೇ ಗೊತ್ತಿಲ್ಲದ್ದು ಅವನಿಗೆ ಗೊತ್ತಾಯಿತು. ಅಂದಿನಿಂದ ಅದೇ ಲೆಕ್ಕ ನಡೆದು ಬಂದಿದೆ.

ಪ್ರವಾಸ ಹೋದವರು ಗುಡಿ ಗೋಪುರ ನೋಡಿದ್ದನ್ನು ಬರೆಯುತ್ತಾರೆ. ನಾನು ಹೆಚ್ಚಾಗಿ ನೋಡಿದ್ದು ಮೇಜುಗಳನ್ನು. ಮೇಜಿನ ಆಚೆ ಒಬ್ಬ ಕುಳಿತಿರುತ್ತಾನೆ, ಈಚೆ ನಾನು ನಿಂತಿರುತ್ತೇನೆ. ನೋಡಿದ್ದನ್ನೇ ಬರೆಯುತ್ತೇನೆ. ನಾಲ್ಕಕ್ಷರ ಕಲಿತದ್ದು ಮುದಿವಯಸ್ಸಿಗೆ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ದೇವನಹಳ್ಳಿ

ಮೊದಲು ನಮ್ಮ ಮನೆಯ ಹೆಸರುಗಳನ್ನು ಹೇಳಿಬಿಡಬೇಕು. ಎಲ್ಲ ರಗಳೆಯೂ ಅಲ್ಲಿಂದಲೇ ಶುರು.

ಕುಂದಾಣದ ಪಕ್ಕದ ನಮ್ಮ ಊರಿನವರು ಮುನೇಶ್ವರನ ಒಕ್ಕಲು. ಮನೆಯಲ್ಲಿ ಹುಟ್ಟಿದ ಹೆಣ್ಣಿಗೆಲ್ಲ ಮುನಿಯಮ್ಮ ಎಂದೇ ಹೆಸರು. ನಾನು ದೊಡ್ಡಮುನಿಯಮ್ಮ, ನನ್ನ ಬೆನ್ನಿಗೆ ಹುಟ್ಟಿದವಳು ಚಿಕ್ಕಮುನಿಯಮ್ಮ. ನಮ್ಮಿಬ್ಬರನ್ನೂ ಒಂದೇ ಚಪ್ಪರದಡಿ ಅದೇ ಊರಿನ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟರು. ನನ್ನ ಗಂಡ ದೊಡ್ಡಪಿಳ್ಳಪ್ಪ, ಅವಳ ಗಂಡ ಚಿಕ್ಕಪಿಳ್ಳಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ಹಿರಿಯರು ಹೇಳಿದ್ದಾರೆ. ಬರೆಯಬಾರದು ಎಂದು ಯಾರೂ ಹೇಳಿಲ್ಲ. ನಮ್ಮಲ್ಲಿ ಬರೆಯುವ ಹೆಂಗಸರೇ ಇರಲಿಲ್ಲವಲ್ಲ.

ಊರಿನಲ್ಲಿ ಇದರಿಂದ ಯಾರಿಗೂ ಏನೂ ತೊಡಕಾಗಲಿಲ್ಲ. ಬೀದಿಯಲ್ಲಿ ಕೂಗುವ ದನಿಯಲ್ಲೇ ಯಾವ ಮುನಿಯಮ್ಮ ಎಂದು ತಿಳಿಯುತ್ತಿತ್ತು.

ಚಿಕ್ಕಪಿಳ್ಳಪ್ಪ ಬೆಂಗಳೂರು ದಂಡಿನಲ್ಲಿ ಒಬ್ಬ ಬಿಳಿಯ ದೊರೆಯ ತೋಟ ನೋಡಿಕೊಳ್ಳುತ್ತಿದ್ದ. ದೊರೆ ಸಿಲೋನಿನಲ್ಲಿ ಟೀ ತೋಟ ಕೊಂಡು ಹೊರಟಾಗ ಇವನನ್ನೂ ನನ್ನ ತಂಗಿಯನ್ನೂ ಕರೆದುಕೊಂಡು ಹೋದ. ಅದು ಯುದ್ಧಕ್ಕೆ ಮುಂಚೆ. ಆಗ ಸಿಲೋನಿಗೆ ಹೋಗುವುದು ವಿಜಯಪುರದ ಸಂತೆಗೆ ಹೋದಷ್ಟೇ ಸಲೀಸು. ತೋಳಿಗೆ ಸೂಜಿ ಚುಚ್ಚಿ ಹಡಗು ಹತ್ತಿಸುತ್ತಿದ್ದರಂತೆ.

ನಮಗೆ ಸ್ವಾತಂತ್ರ್ಯ ಬಂತು. ಮರುವರ್ಷ ಅವರಿಗೂ ಬಂತು. ಇಬ್ಬರಿಗೂ ಸ್ವಾತಂತ್ರ್ಯ ಬಂದಮೇಲೆ ನಡುವೆ ಓಡಾಡುವವರಿಗೆ ಇಲ್ಲದಂತಾಯಿತು. ಅದರ ಮಾರನೆಯ ವರ್ಷ ಚಿಕ್ಕಪಿಳ್ಳಪ್ಪ ಜ್ವರ ಬಂದು ಸತ್ತ. ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟ. ಹೊಸ ಯಜಮಾನ ಬರುವುದರೊಳಗೆ ಮನೆ ಖಾಲಿ ಮಾಡು ಎಂದು ತಂಗಿಗೆ ಹೇಳಿದರು. ಮಕ್ಕಳಿಲ್ಲದವಳು, ಎಲ್ಲಿಗೆ ಹೋಗುತ್ತಾಳೆ? ಸಿಲೋನಿನವರು ನೀನು ನಮ್ಮವಳಲ್ಲ ಎಂದರು. ನಮ್ಮ ಕಡೆಯವರು ನಮ್ಮವಳು ಎನ್ನುವುದಕ್ಕೆ ಕಾಗದ ಎಲ್ಲಿ ಎಂದರು. ಕಾಗದ ಹುಟ್ಟೂರಿನಿಂದ ಬರಬೇಕು, ಅದನ್ನು ರಕ್ತಸಂಬಂಧಿಯೇ ತಂದು ಗುರುತು ಹೇಳಬೇಕು ಎಂದು ತೋಟದ ಲೆಕ್ಕ ಬರೆಯುವ ರೈಟರು ಕಾಗದ ಹಾಕಿ ತಿಳಿಸಿದ.

ನನ್ನ ಯಜಮಾನರು ಹೋಗಲಿಲ್ಲ. ಬೆಂಗಳೂರಿಗೆ ಹೋಗಿ ಬಂದರೇ ಮೂರು ದಿನ ಕಂಬಳಿ ಹೊದ್ದು ಮಲಗುವ ಗಂಡಸು ಅವರು. ಅದಕ್ಕೆ ನಾನು ಹೊರಟೆ.

ಕಚೇರಿಯಲ್ಲಿ ಎರಡು ಕಾಗದ ಮಾಡಿಸಬೇಕಿತ್ತು, ನನಗೊಂದು, ತಂಗಿಗೊಂದು. ಗುಮಾಸ್ತ ಲೇಖನಿ ಎತ್ತಿ ಕೇಳಿದ:

"ಹೆಸರು?"

"ದೊಡ್ಡಮುನಿಯಮ್ಮ."

"ತಂಗಿ?"

"ಚಿಕ್ಕಮುನಿಯಮ್ಮ."

"ದೊಡ್ಡ, ಚಿಕ್ಕ ಅಂತೆಲ್ಲ ಇಂಗ್ಲಿಷಿನಲ್ಲಿ ಬರೆಯೋಕಾಗಲ್ಲಮ್ಮ. ಅದು ಊರೋರು ಕೂಗೋದು. ನಿಜವಾದ ಹೆಸರು ಹೇಳು."

"ಮುನಿಯಮ್ಮ."

"ತಂಗೀದು?"

"ಅದೂ ಮುನಿಯಮ್ಮನೇ."

"ಗಂಡನ ಹೆಸರು?"

ನಾನು ಹಿಂದೆ ನಿಂತಿದ್ದ ಯಜಮಾನರ ಕಡೆ ತಿರುಗಿದೆ. ಅವರು ಕೆಮ್ಮಿ, "ಪಿಳ್ಳಪ್ಪ" ಎಂದರು.

"ತಂಗಿ ಗಂಡ?"

"ಪಿಳ್ಳಪ್ಪ."

ಗುಮಾಸ್ತ ಲೇಖನಿ ಕೆಳಗಿಟ್ಟ. "ಏನ್ರೀ, ನಿಮ್ಮೂರಲ್ಲಿ ಹೆಸರಿಗೂ ಬರಗಾಲವಾ?"

"ಸ್ವಾಮಿ, ಒಂದರಲ್ಲಿ ಚಿಕ್ಕ ಅಂತ ಸೇರಿಸಿಬಿಡಿ. ನಿಮಗೇನು ಶಾಯಿ ಸವೆದುಹೋಗುತ್ತಾ?" ಎಂದೆ.

"ನನಗೆ ಕಲಿಸ್ಬೇಡ. ಊರಲ್ಲಿ ಯಾರನ್ನ ಕೇಳಿದ್ರೂ ಯಾರು ಯಾರು ಅಂತ ಹೇಳ್ತಾರೆ."

"ಊರೇ ಎದ್ದು ಸಿಲೋನಿಗೆ ಬರುತ್ತಾ ಸ್ವಾಮಿ?"

ಅವನು ಮತ್ತೆ ಲೇಖನಿ ಎತ್ತಿ ಬರೆಯತೊಡಗಿದ. ತಂಗಿಯ ವಯಸ್ಸಿಗೆ ಬಂದಾಗ, "ಅವಳನ್ನ ನಾನು ನೋಡಿಲ್ಲ. ನಿನ್ನ ಹಾಗೇ ಇರ್ತಾಳೆ ಬಿಡು" ಎಂದು ಅಲ್ಲಿಯೂ ನಲವತ್ತೆರಡು ಎಂದೇ ಬರೆದ. ಒಬ್ಬಳೇ ತಾಯಿ ಒಂದೇ ವರ್ಷ ಇಬ್ಬರನ್ನು ಹೆತ್ತಂತಾಯಿತು. ಯಾರ ಪ್ರಜೆ ಎಂಬಲ್ಲಿ ಬ್ರಿಟಿಷ್ ಎಂದು ಅಚ್ಚಾಗಿತ್ತು. ಅದನ್ನು ಹೊಡೆದು ಮೈಸೂರು ಎಂದು ಬರೆದ. ಅವನ ಮೇಲಿನ ಸಾಹೇಬರು ಅದನ್ನೂ ಹೊಡೆದು ಇಂಡಿಯಾ ಎಂದು ಬರೆದರು. ನಾನು ನಿಂತ ಜಾಗದಲ್ಲೇ ನಿಂತಿದ್ದೆ.

ನನ್ನ ಕಾಗದಕ್ಕೆ ಪಟ ಅಂಟಿಸಿದರು. ಬೆಂಗಳೂರಿನಲ್ಲಿ ಪಟ ತೆಗೆದವನು "ಸ್ವಲ್ಪ ನಗಮ್ಮ" ಎಂದಿದ್ದ. ಯಾಕೆ ನಗಬೇಕು ಎಂದು ಕೇಳುವಾಗಲೇ ತೆಗೆದುಬಿಟ್ಟ. ಹಾಗಾಗಿ ಆ ಪಟದಲ್ಲಿ ನಾನು ಯಾರನ್ನೋ ಬೈಯುತ್ತಿದ್ದೇನೆ. ತಂಗಿಯ ಕಾಗದದಲ್ಲಿ ಪಟವಿಲ್ಲ.

ಹೊರಡುವಾಗ ಸೊಸೆಗೆ ದಿನ ತುಂಬಿತ್ತು. ಹೆಣ್ಣಾದರೆ ಮುನಿಯಮ್ಮ. ಕೇಳುವ ಮಾತೇ ಇರಲಿಲ್ಲ.

ಮಂಡಪಂ

ರೈಲಿನಲ್ಲಿ ತಿರುಚಿನಾಪಳ್ಳಿ ದಾಟಿದ ಮೇಲೆ ಒಬ್ಬ ತಮಿಳು ಹೆಂಗಸು ಪಕ್ಕದಲ್ಲಿ ಬಂದು ಕುಳಿತಳು. ಹೆಸರು ಪವಳಾಯಿ. ಸಿಲೋನಿನ ತೋಟದವಳು, ತವರಿಗೆ ಬಂದು ಹಿಂದಿರುಗುತ್ತಿದ್ದಳು. ಪವಳ ಅಂದರೆ ನಮ್ಮ ಹವಳ ಎಂದು ಕೊರಳ ಸರ ಮುಟ್ಟಿ ತೋರಿಸಿದಳು. ದಾರಿಯುದ್ದ ಎಲೆಯಡಿಕೆ ಅಗಿದು ಕಿಟಕಿಯಾಚೆ ಉಗಿಯುತ್ತಿದ್ದಳು. ಗಾಳಿ ಅದನ್ನು ತಿರುಗಿ ನನ್ನ ಸೆರಗಿಗೆ ತಂದು ಹಾಕುತ್ತಿತ್ತು. ಆದರೂ ಅವಳೊಬ್ಬಳು ಸಿಕ್ಕದಿದ್ದರೆ ನಾನು ಯಾವ ಊರಿನಲ್ಲಿ ಇಳಿಯುತ್ತಿದ್ದೆನೋ.

ಮಂಡಪಂ ಎಂಬಲ್ಲಿ ನಮ್ಮನ್ನೆಲ್ಲ ಇಳಿಸಿ ಬೇಲಿಯೊಳಗೆ ಕೂಡಿದರು. ಮಾರಿಬೇನೆ, ವಾಂತಿಭೇದಿ ಇಲ್ಲ ಎಂದು ಡಾಕ್ಟರಿಗೆ ನಂಬಿಕೆ ಬರುವವರೆಗೆ ಅಲ್ಲೇ ಇರಬೇಕು. ನಾಲಿಗೆ ನೋಡಿದರು, ಕಣ್ಣುರೆಪ್ಪೆ ಮಡಿಚಿ ನೋಡಿದರು. ನಮ್ಮೂರಲ್ಲಿ ಹಸು ಕೊಳ್ಳುವವರೂ ಇಷ್ಟು ನೋಡುವುದಿಲ್ಲ.

ಆಮೇಲೆ ಬಟ್ಟೆಗಂಟುಗಳನ್ನೆಲ್ಲ ಒಂದು ದೊಡ್ಡ ಕಬ್ಬಿಣದ ಹಂಡೆಯೊಳಗೆ ತಳ್ಳಿ ಹಬೆ ಕೊಟ್ಟರು. ಹುಳುಹುಪ್ಪಟೆ ಸಾಯಬೇಕಂತೆ. ನನ್ನ ಗಂಟಿನೊಳಗೆ ದಾರಿಗೆಂದು ತಂದ ಹುರಿಹಿಟ್ಟು ಇತ್ತು. ಅದರಲ್ಲಿ ತಿನ್ನುವುದಿದೆ, ತೆಗೆದುಕೊಡಿ ಎಂದು ಕನ್ನಡದಲ್ಲಿ ಹೇಳಿದೆ, ತೆಲುಗಿನಲ್ಲಿ ಹೇಳಿದೆ, ಬಾಯಿಗೆ ಕೈ ತೋರಿಸಿ ಹೇಳಿದೆ. ಹಂಡೆಯವನು ನನಗೆ ಹಸಿವಾಗಿದೆ ಎಂದುಕೊಂಡು ಊಟದ ಕೊಠಡಿ ಎಲ್ಲಿದೆ ಎಂದು ತೋರಿಸಿದ. ಗಂಟು ಹೊರಗೆ ಬಂದಾಗ ಹಿಟ್ಟು ಸೀರೆಯ ಮಡಿಕೆಯಲ್ಲೇ ಬೆಂದು ಮುದ್ದೆಯಾಗಿತ್ತು. ತಂಗಿಗೆ ಕೊಂಡೊಯ್ಯುತ್ತಿದ್ದ ಹೊಸ ಸೀರೆ ಅದು. ಪವಳಾಯಿ ಬಿದ್ದು ಬಿದ್ದು ನಕ್ಕಳು. ಸೀರೆಯಿಂದ ಕೆರೆದು ತಿಂದೆ. ಉಪ್ಪಿರಲಿಲ್ಲ.

ಧನುಷ್ಕೋಟಿ

ನೆಲ ಮುಗಿಯುವುದು ಇಲ್ಲಿ. ಮರಳು, ಮೀನಿನ ವಾಸನೆ, ಮರಳಿನ ಮೇಲೊಂದು ಕಚೇರಿ, ಕಚೇರಿಯೊಳಗೊಂದು ಮೇಜು.

ಪವಳಾಯಿಯ ಕಾಗದವನ್ನು ಅಧಿಕಾರಿ ಒಮ್ಮೆ ನೋಡಿ ಮೊಹರು ಒತ್ತಿದ. ಅವಳ ಹೆಸರಿನವಳು ಇನ್ನೊಬ್ಬಳಿಲ್ಲ, ಮುಗಿಯಿತು. ನನ್ನ ಸರದಿ ಬಂತು. ಅವನು ಹಿಂದೂಪುರದ ಕಡೆಯವನಂತೆ, ಕನ್ನಡ ಬರುತ್ತಿತ್ತು. ನಮ್ಮ ಮಾತು ಬಲ್ಲವನು ಸಿಕ್ಕ ಎಂದು ಸಂತೋಷಪಟ್ಟೆ. ಆ ಸಂತೋಷ ಅವನು ಎರಡನೆಯ ಕಾಗದ ಬಿಡಿಸುವವರೆಗೆ.

"ಏನಮ್ಮಾ, ಒಬ್ಬಳಿಗೆ ಎರಡು ಕಾಗದ ಯಾಕೆ?"

"ಒಂದು ನಂದು. ಇನ್ನೊಂದು ನನ್ನ ತಂಗೀದು."

"ಎರಡರಲ್ಲೂ ಮುನಿಯಮ್ಮ. ಎರಡರಲ್ಲೂ ಪಿಳ್ಳಪ್ಪನ ಹೆಂಡ್ತಿ. ಅಪ್ಪ ಒಬ್ಬ, ಊರೊಂದು, ವಯಸ್ಸೊಂದು."

"ಬರೆದೋನು ನಾನಲ್ಲ ಸ್ವಾಮಿ."

ಅವನು ಎರಡೂ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. "ಹೋಗೋದಕ್ಕೆ ನಿನ್ನನ್ನ ಬಿಡ್ತೀನಿ, ಪಟ ಇದೆ. ಬರೋವಾಗ ಯಾರನ್ನೋ ಜತೇಲಿ ತಂದು ಇವಳೇ ಮುನಿಯಮ್ಮ ಅಂದ್ರೆ ನಾನು ಒಪ್ಪಲ್ಲ. ಗುರುತು ಸಿಗದೇ ಹೋದ್ರೆ ಬಂದ ಹಡಗಲ್ಲೇ ವಾಪಸ್ಸು."

ಸಮುದ್ರವನ್ನು ನೋಡಿದೆ. ಹೇಳಿಕೊಳ್ಳುವಂಥದ್ದೇನಲ್ಲ. ಕುಂದಾಣದ ಕೆರೆಗೆ ಆಚೆ ದಡ ಇದೆ, ಇದಕ್ಕೆ ಇಲ್ಲ. ಇಷ್ಟು ನೀರಿದ್ದೂ ಒಂದು ಗುಟುಕು ಕುಡಿಯಲಿಕ್ಕಾಗದು. ಹಡಗಿನಲ್ಲಿ ಎಲ್ಲರೂ ವಾಂತಿ ಮಾಡಿದರು. ನಾನು ಮಾಡಲಿಲ್ಲ. ಅವನ ಮಾತು ನುಂಗಿಕೊಂಡು ಕುಳಿತಿದ್ದೆ, ಹೊಟ್ಟೆಯಲ್ಲಿ ಬೇರೆ ಏನಕ್ಕೂ ಜಾಗವಿರಲಿಲ್ಲ.

ಟೀ ತೋಟ

ಕ್ಯಾಂಡಿಯಿಂದ ಮೇಲೆ ಎಲ್ಲ ಬೆಟ್ಟ. ನಮ್ಮ ಮಾಕಳಿದುರ್ಗದಂಥವೇ, ಆದರೆ ತಲೆಯಿಂದ ಕಾಲಿನವರೆಗೆ ಕ್ರಾಪು ಹೊಡೆಸಿಕೊಂಡಂತೆ ಟೀ ಗಿಡ. ಆಡು ಮೇಯಿಸಲೂ ಒಂದು ಬಂಡೆ ಬಿಟ್ಟಿಲ್ಲ. ಎಲ್ಲದಕ್ಕೂ ತೆಂಗಿನಕಾಯಿ ಹಾಕುತ್ತಾರೆ. ಅಷ್ಟೊಂದು ಟೀ ಬೆಳೆದು ಕುಡಿಯುವಾಗ ಮಾತ್ರ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ; ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡು ಒಂದು ಕಡಿತ, ಒಂದು ಗುಟುಕು. ಮೊದಲ ದಿನ ನಾನು ಬೆಲ್ಲವನ್ನೆಲ್ಲ ಒಟ್ಟಿಗೇ ತಿಂದುಬಿಟ್ಟು ಕಹಿ ನೀರನ್ನು ಬರಿದೇ ಕುಡಿದೆ. ಜಿಗಣೆಯ ಮಾತು ಬೇಡ. ನನ್ನ ರಕ್ತ ಕುಡಿಯುವಾಗ ಅದು ಕಾಗದ ಕೇಳಲಿಲ್ಲ.

ತಂಗಿ ಬಾಗಿಲಲ್ಲಿ ನಿಂತಿದ್ದಳು. ಬಡಕಲಾಗಿದ್ದಳು. ತಮಿಳರಂತೆ ಸೀರೆ ಉಟ್ಟಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಮುದುಕಿಯಾಗೋದಾ ಅಕ್ಕ?" ಎಂದಳು.

"ನಿನಗೂ ನಂಗೂ ಒಂದೇ ವಯಸ್ಸಂತೆ. ಕಾಗದದಲ್ಲಿದೆ" ಎಂದೆ.

ಅವಳು ನಗಲಿಲ್ಲ. ಒಳಗೆ ಅವಳ ಸಾಮಾನೆಲ್ಲ ಆಗಲೇ ಒಂದು ತಗಡಿನ ಪೆಟ್ಟಿಗೆಯಲ್ಲಿ ಸೇರಿತ್ತು. ಹೊಸ ಯಜಮಾನನ ಕಡೆಯವರು ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಅವಳು ನಿಂತ ಜಾಗವೊಂದನ್ನು ಬಿಟ್ಟು ಸುತ್ತಲೂ ಹೊಡೆಯುತ್ತಿದ್ದರು.

ಸಿಲೋನಿನ ಕಡೆಯ ದಡ ತಲೈಮನ್ನಾರಿನಲ್ಲಿ ಹಡಗು ಹತ್ತುವ ಮೊದಲು ಅವಳಿಂದ ಹೆಬ್ಬೆಟ್ಟು ಒತ್ತಿಸಿಕೊಂಡರು. ಇನ್ನೆಂದೂ ಸಿಲೋನಿಗೆ ಬರುವುದಿಲ್ಲ ಎಂದು. ಮಸಿ ಹತ್ತಿದ ಹೆಬ್ಬೆಟ್ಟನ್ನು ನನಗೆ ತೋರಿಸಿ, "ಅಲ್ಲಿ ನಿಲ್ಲಿಸಿದ್ರೆ ಏನು ಗತಿ ಅಕ್ಕ? ಇಲ್ಲೀದು ಮುಗೀತು" ಎಂದಳು.

ನಾನು ಅವಳ ಪೆಟ್ಟಿಗೆ ಎತ್ತಿಕೊಂಡೆ. ಹಿಂದೂಪುರದವನ ಮಾತು ಅವಳಿಗೆ ಹೇಳಿರಲಿಲ್ಲ.

ಮತ್ತೆ ಧನುಷ್ಕೋಟಿ

ಅದೇ ಮರಳು, ಅದೇ ಮೇಜು, ಅದೇ ಅಧಿಕಾರಿ. ನನ್ನನ್ನು ಮರೆತಿರಲಿಲ್ಲ. ಆ ಪಟ ನೋಡಿದವರು ಮರೆಯುವುದಿಲ್ಲ.

"ಬಂದ್ಯಾ? ಇವಳು ಯಾರು?"

"ನನ್ನ ತಂಗಿ, ಮುನಿಯಮ್ಮ."

"ಗಂಡನ ಹೆಸರು ಹೇಳಮ್ಮ" ಎಂದು ತಂಗಿಯನ್ನು ಕೇಳಿದ. ಅವಳು ಸತ್ತ ಗಂಡನ ಹೆಸರನ್ನೂ ಹೇಳುವವಳಲ್ಲ; ಸೆರಗು ಬಾಯಿಗೆ ಒತ್ತಿಕೊಂಡು ನನ್ನ ಕಡೆ ನೋಡಿದಳು. ನಾನು "ಪಿಳ್ಳಪ್ಪ" ಎಂದೆ.

"ನಿನ್ನ ಗಂಡನ ಹೆಸರು?"

ಈಗ ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ತಂಗಿಗೆ ಅವರು ಭಾವ. ಅವಳೂ ಹೇಳುವ ಹಾಗಿಲ್ಲ. "ಅದೇ ಹೆಸರು ಸ್ವಾಮಿ, ಈಗ ತಾನೇ ಹೇಳಿದ್ದು" ಎಂದೆ.

ಅವನ ಮುಖ ಕೆಂಪಾಯಿತು. ತಂಗಿಯನ್ನು ಹೊರಗೆ ಕಳಿಸಿ ನನ್ನನ್ನು ಕೇಳಿದ: "ನಿಮ್ಮ ಮನೆ ಮುಂದೆ ಏನಿದೆ?"

"ಏನೂ ಇಲ್ಲ. ಖಾಲಿ ಅಂಗಳ. ಕೋಳಿ ಕೆದಕ್ತಾವೆ."

ನನ್ನನ್ನು ಹೊರಗೆ ಕಳಿಸಿ ಅವಳನ್ನು ಕರೆದ. ಆಮೇಲೆ ಇಬ್ಬರನ್ನೂ ಕರೆದು ನಿಲ್ಲಿಸಿದ. ಮೊಹರನ್ನು ದೂರ ಸರಿಸಿಟ್ಟ.

"ಒಬ್ಬಳು ಖಾಲಿ ಅಂಗಳ ಅಂತಾಳೆ. ಇನ್ನೊಬ್ಬಳು ದೊಡ್ಡ ಹುಣಸೇಮರ ಅಂತಾಳೆ. ಒಂದೇ ಮನೆಯವರಾ ನೀವು? ಹಡಗು ಇನ್ನೂ ಇದೆ. ಇವಳು ತಿರುಗಿ ಹತ್ತಲಿ."

ಅಲ್ಲಿಗೆ ಹೋದರೆ ಅವರು ಹೆಬ್ಬೆಟ್ಟು ತೋರಿಸುತ್ತಾರೆ. ಇಲ್ಲಿ ಇವನು ಹುಣಸೇಮರ ತೋರಿಸುತ್ತಾನೆ. ನಡುವೆ ಬರೀ ನೀರು. ನಾನು ಅವನ ಕಾಲು ಹಿಡಿಯಬೇಕು ಎಂದುಕೊಳ್ಳುವಷ್ಟರಲ್ಲಿ ತಂಗಿ ಅಧಿಕಾರಿಯನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಮರ ಎಲ್ಲಿ?"

"ಕಡಿಸಿದ್ವಿ."

"ಯಾರನ್ನ ಕೇಳಿ ಕಡಿಸಿದ್ರಿ?"

"ಯಾರನ್ನ ಕೇಳ್ಬೇಕಿತ್ತೇ? ಮಗನ ಮದ್ವೆಗೆ ಸೌದೆ ಬೇಡ್ವಾ?"

"ಅದು ನಮ್ಮ ಪಾಲಿನ ಮರ! ಪಂಚಾಯ್ತಿ ಕೂತು ಮರ ನಮಗೆ, ಗಾಡಿ ನಿಮಗೆ ಅಂತ ಆಗಿತ್ತು!"

"ಗಾಡಿ! ಆ ಗಾಡಿಗೆ ಚಕ್ರ ಇತ್ತೇನೇ?"

"ಚಕ್ರ ಭಾವನೋರು ಮೊದಲೇ ಬಿಚ್ಚಿಟ್ಟುಕೊಂಡಿದ್ರು. ಊರಿಗೆಲ್ಲ ಗೊತ್ತು!"

"ಬಾಯಿ ಬಿಗಿ ಹಿಡಿ! ಅನ್ನ ಹಾಕಿದ ಮನೆ ಮೇಲೆ ಮಾತಾಡ್ತೀಯಾ?"

"ಏನು ಅನ್ನ? ವರ್ಷ ವರ್ಷ ನನ್ನ ಮರದ ಹುಣಸೇಹಣ್ಣು ತಿಂದ್ರಲ್ಲ, ಒಂದು ಉಂಡೆನಾದ್ರೂ ಕಳಿಸಿದ್ಯಾ?"

"ಸಮುದ್ರದಾಚೆ ಹೆಂಗೆ ಕಳಿಸ್ಲಿ? ತೇಲಿ ಬಿಡ್ಲಾ?"

ಸಾಲಿನಲ್ಲಿದ್ದವರೆಲ್ಲ ಸುತ್ತ ನೆರೆದರು. ಭಾಷೆ ಬಾರದವರೂ ಕೇಳುತ್ತಿದ್ದರು. ಅಧಿಕಾರಿ ಎರಡು ಸಲ "ಏಯ್" ಎಂದ, ನಾವು ಕೇಳಿಸಿಕೊಳ್ಳಲಿಲ್ಲ. ತಂಗಿ ಪೆಟ್ಟಿಗೆಯ ಮೇಲೆ ಕುಸಿದು ಕುಳಿತು, "ಸಾಯೋವಾಗಲೂ ಅವರು ಆ ಮರದ ಮಾತೇ ಆಡಿದ್ರು. ಅದರ ನೆರಳಲ್ಲಿ ಮಲಗಿದ್ರೆ ಜ್ವರ ಇಳಿಯೋದು ಅಂತ" ಎಂದಳು.

ಇದ್ದದ್ದು ಹೇಳಿದೆ: "ಬುಡ ಹಂಗೇ ಐತೆ. ಚಿಗುರೈತೆ."

"ಎಷ್ಟೆತ್ತರ?"

"ಮೊಣಕಾಲುದ್ದ."

"ಆಡು ಮೇಯುತ್ತೆ. ಮುಳ್ಳು ಕಟ್ಟಿದ್ದೀರಾ?"

"ಕಟ್ಟಿಲ್ಲ."

"ಕಟ್ಟಲ್ಲ ಅಂತ ಗೊತ್ತು ನಂಗೆ."

ಅಧಿಕಾರಿ ಕುರ್ಚಿಗೆ ಒರಗಿ ಕನ್ನಡಕ ತೆಗೆದ. "ಸಾಕು ಮಾಡ್ರಮ್ಮಾ. ನಮ್ಮ ಅಮ್ಮನೂ ಚಿಕ್ಕಮ್ಮನೂ ಹೀಗೇ, ಅಕ್ಕತಂಗೀರು ಒಂದೇ ಮನೆಗೆ ಸೊಸೆ ಬಂದಿದ್ದು. ವಾರಗಿತ್ತೀರ ಜಗಳ ಯಾರಾದ್ರೂ ಆಡಬಹುದು, ಅಕ್ಕತಂಗೀರ ಜಗಳಾನೂ ಆಡಬಹುದು. ಎರಡನ್ನೂ ಸೇರಿಸಿ ಆಡೋದನ್ನ ಯಾರೂ ಕಲಿಸಿ ಕಳಿಸೋಕಾಗಲ್ಲ."

ಮೊಹರು ಒತ್ತಿದ. ಕೆಂಪು ಶಾಯಿಯಲ್ಲಿ ನನ್ನ ಕಾಗದದ ಮೇಲೆ ಒಂದು, ಅವಳ ಕಾಗದದ ಮೇಲೆ ಎರಡು ಎಂದು ದೊಡ್ಡದಾಗಿ ಬರೆದ. ದೇವನಹಳ್ಳಿಯವನು ಆ ಎರಡು ಅಂಕಿ ಬರೆದಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ.

ರೈಲಿನಲ್ಲಿ ತಂಗಿ ತನ್ನ ಕಾಗದ ಬಿಡಿಸಿ ಆ ಕೆಂಪು ಅಂಕಿ ನೋಡಿದಳು. ಆಮೇಲೆ ಕೇಳಿದಳು: "ನಾನ್ಯಾಕೆ ಎರಡು?"

"ಹುಟ್ಟಿದ್ದೇ ಎರಡನೇದಾಗಿ. ಮಲಗು" ಎಂದೆ.

ಊರು

ಬೆಂಗಳೂರಿನಿಂದ ಚಿಕ್ಕ ರೈಲಿನಲ್ಲಿ ದೇವನಹಳ್ಳಿ, ಅಲ್ಲಿಂದ ಗಾಡಿ. ಮನೆ ತಲುಪಿದಾಗ ಸಂಜೆ. ಸೊಸೆ ಹೆತ್ತಿದ್ದಳು, ಹೆಣ್ಣು. ಹೆಸರಿಡಲು ನನಗಾಗಿ ಕಾಯುತ್ತಿದ್ದರು. ಕಾಯುವುದು ಬರೀ ಶಾಸ್ತ್ರಕ್ಕೆ. ಆಗಲೇ ಎಲ್ಲರೂ "ಮುನೀ" ಎಂದು ಕೂಗಿ ಆಡಿಸುತ್ತಿದ್ದರು. ನನಗೆ ಮೈಕೈ ನೋವು, ಮಾತಾಡದೆ ಮಲಗಿದೆ.

ಮಾರನೆಯ ಬೆಳಿಗ್ಗೆ ಎದ್ದಾಗ ತಂಗಿ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಹುಣಸೆಯ ಬುಡಕ್ಕೆ ಜಾಲಿಮುಳ್ಳು ಕಟ್ಟುತ್ತಿದ್ದಳು. ನಾನು ಒಳಗೆ ಹೋಗಿ ಮಗುವನ್ನು ಎತ್ತಿಕೊಂಡೆ. ಅದರ ಕಿವಿಯಲ್ಲಿ ಮೂರು ಸಲ "ಹವಳಮ್ಮ" ಎಂದೆ. ನಾಲ್ಕನೆಯ ಸಲ ಮನೆಯವರಿಗೆಲ್ಲ ಕೇಳುವಂತೆ ಹೇಳಿದೆ.

ಯಜಮಾನರು ಹೌಹಾರಿದರು. "ಏನಮ್ಮೀ ಇದು? ಮುನೇಶ್ವರ ಕೋಪ ಮಾಡ್ಕೊಳ್ಳಲ್ವಾ?"

"ಮಾಡ್ಕೊಂಡ್ರೆ ಅವನೇ ಹೋಗಿ ಧನುಷ್ಕೋಟೀಲಿ ಮೇಜಿನ ಮುಂದೆ ನಿಂತ್ಕೊಳ್ಳಲಿ. ಏಳೂರಲ್ಲಿ ಹುಡುಕಿದ್ರೂ ಈ ಹೆಸರು ಇನ್ನೊಂದಿರಬಾರದು."

ಪಕ್ಕದ ಮನೆಯ ಬಸುರಿ ಮಗುವನ್ನು ನೋಡಲು ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. "ಎಷ್ಟು ಚೆನ್ನಾಗದೆ ದೊಡ್ಡಮ್ಮ ಹೆಸರು! ನಂಗೂ ಹೆಣ್ಣಾದ್ರೆ ಅದನ್ನೇ ಇಡ್ತೀನಿ. ಇದು ದೊಡ್ಡಹವಳಮ್ಮ, ನಂದು ಚಿಕ್ಕಹವಳಮ್ಮ" ಎಂದಳು.

ನಾನು ಮಗುವನ್ನು ಸೊಸೆಯ ಕೈಗೆ ಕೊಟ್ಟು, ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡೆ.